ಸಣ್ಣ ಉದ್ದಿಮೆಗಳ ರಫ್ತಿಗೆ ಬೇಕಿರುವುದು ಕೂಡಿ ಕೆಲಸ ಮಾಡಲು ನೆರವು

ಮಾನ್ಯ ಸಂಪಾದಕರೇ,

ಸಣ್ಣ ಉದ್ದಿಮೆಗಳು ವಿದೇಶಿ ಮಾರುಕಟ್ಟೆಗೆ ಹೋಗಬೇಕೆಂಬ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ವಿಷಯಗಳ ಸುತ್ತ ಸುತ್ತುತ್ತದೆ. ಒಂದು ಸಾಲ, ಇನ್ನೊಂದು ವಸ್ತುಪ್ರದರ್ಶನ. ಕಡಿಮೆ ಬಡ್ಡಿಗೆ ಹಣ ಕೊಟ್ಟು, ಹೊರದೇಶದ ಮೇಳವೊಂದರಲ್ಲಿ ಮಳಿಗೆ ಹಾಕಿಸಿಕೊಟ್ಟರೆ ಉಳಿದದ್ದೆಲ್ಲ ತಾನಾಗಿ ಕೂಡಿ ಬರುತ್ತದೆ ಎಂದು ಯೋಜನೆ ರೂಪಿಸುವವರೂ ಅದರ ಬಗ್ಗೆ ಬರೆಯುವವರೂ ನಂಬಿದಂತಿದೆ. ಸಣ್ಣ ತಯಾರಕರ ರಫ್ತು ದಾಖಲೆಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಬಹಳ ವರ್ಷ ಕಳೆದ ನನಗೆ ಕಂಡದ್ದು ಬೇರೆ. ಮೊದಲ ಆರ್ಡರ್ ಸಿಗದೆ ಸೋತವರು ಕಡಿಮೆ. ಮೊದಲ ಆರ್ಡರ್ ಸಿಕ್ಕಿದ ಮೇಲೆ, ಖರೀದಿದಾರರ ದೇಶ ಕೇಳುವ ಗುಣಮಟ್ಟವನ್ನು ಒಬ್ಬಂಟಿಯಾಗಿ ಮುಟ್ಟಲಾಗದೆ, ಎರಡನೆಯ ಆರ್ಡರ್ ಬರುವ ಮೊದಲೇ ಹಿಂದೆ ಸರಿದವರು ಹೆಚ್ಚು. ಆದ್ದರಿಂದ ನೆರವು ಕೊಡುವವರು ಒಂಟಿ ಘಟಕವನ್ನು ನೋಡುವುದನ್ನು ಬಿಟ್ಟು, ಒಂದೇ ತೊಡಕನ್ನು ಎದುರಿಸುತ್ತಿರುವ ಹಲವು ಘಟಕಗಳನ್ನು ಒಂದು ಮೇಜಿನ ಮುಂದೆ ಕೂರಿಸಿ, ಅವರು ಕೂಡಿ ಹೊಸದನ್ನು ರೂಪಿಸಲು ಹಣವನ್ನೂ ಜನರನ್ನೂ ಒದಗಿಸಬೇಕು ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹಿತ್ತಾಳೆಯ ನಲ್ಲಿ ಜೋಡಣೆಗಳನ್ನು ತಯಾರಿಸುವ ಒಂದು ಘಟಕದ ಸರಕು, ಖರೀದಿದಾರರು ಕೇಳಿದ ಸೀಸದ ಮಿತಿಯನ್ನು ಮೀರಿದೆ ಎಂಬ ಕಾರಣಕ್ಕೆ ತಿರಸ್ಕೃತವಾಯಿತು. ಮಾಲೀಕರು ಟೆಸ್ಟ್ ರಿಪೋರ್ಟ್ ಕೈಯಲ್ಲಿ ಹಿಡಿದು ನನ್ನ ಮೇಜಿನ ಎದುರು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ಅದೇ ತಿಂಗಳು, ಅದೇ ಬಗೆಯ ಸರಕು ತಯಾರಿಸುವ ಇನ್ನೆರಡು ಘಟಕಗಳು ಅದೇ ಪರೀಕ್ಷೆಗೆ ಬೇರೆ ಬೇರೆಯಾಗಿ ಮಾದರಿ ಕಳುಹಿಸಿ, ಬೇರೆ ಬೇರೆಯಾಗಿ ಹಣ ಕಟ್ಟಿ, ಅದೇ ಉತ್ತರ ಪಡೆದಿದ್ದವು. ಮೂರೂ ಕಡತಗಳು ನನ್ನ ಮೇಜಿನ ಮೇಲಿದ್ದವು. ಆದರೆ ಒಬ್ಬರ ವಿಷಯವನ್ನು ಇನ್ನೊಬ್ಬರಿಗೆ ಹೇಳುವ ಅಧಿಕಾರ ನನಗಿರಲಿಲ್ಲ. ಆ ಮೂವರೂ ತಮ್ಮ ಸೋಲನ್ನು ಪರಸ್ಪರ ಮುಚ್ಚಿಟ್ಟಿದ್ದರು. ಅಂದು ನಾನು ಬಾಯಿ ಬಿಡಬೇಕಿತ್ತೇ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತದೆ.

ಈ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೂಡಿ ಹೊಸತು ಮಾಡುವುದೆಂದರೆ ಏನೆಂಬುದು ಇದರಲ್ಲೇ ಇದೆ. ಅಮೆರಿಕದಲ್ಲಿ ಕುಡಿಯುವ ನೀರಿನ ಜೋಡಣೆಗಳಿಗೆ ಸಂಬಂಧಿಸಿದ ಕಾನೂನು ಒಂದು ಕಾಲದಲ್ಲಿ ಶೇ 8ರವರೆಗೆ ಸೀಸವಿದ್ದ ವಸ್ತುವನ್ನೂ ಸೀಸಮುಕ್ತ ಎಂದು ಕರೆಯಲು ಬಿಟ್ಟಿತ್ತು. 2011ರಲ್ಲಿ ಆದ ತಿದ್ದುಪಡಿ ಜಾರಿಗೆ ಬಂದ 2014ರ ಜನವರಿ 4ರಿಂದ, ನೀರು ತಾಗುವ ಮೈಯಲ್ಲಿ ಸರಾಸರಿ ಶೇ 0.25ಕ್ಕಿಂತ ಹೆಚ್ಚು ಸೀಸ ಇರುವಂತಿಲ್ಲ. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಇದು ಸರಿಯಾದ ನಿಯಮ, ಅದನ್ನು ಸಡಿಲಿಸಿ ಎಂದು ಯಾರೂ ಕೇಳಬಾರದು. ಆದರೆ ಎರಕದವರ ಕಡೆಯಿಂದ ನೋಡಿದರೆ ಅದು ಅವರ ಕಸುಬನ್ನೇ ಬುಡಮೇಲು ಮಾಡಿತು. ಲೇತಿನಲ್ಲಿ ಸುಲಭವಾಗಿ ಕೊರೆಯಲು ಬರುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಶೇ 3ರಷ್ಟು ಸೀಸ ಇರುತ್ತದೆ. ಲೋಹದ ಸಿಪ್ಪೆ ಚೂರುಚೂರಾಗಿ ಉದುರುವುದು, ಉಳಿಯ ಬಾಯಿ ಬೇಗ ಸವೆಯದೆ ಇರುವುದು ಆ ಸೀಸದ ದೆಸೆಯಿಂದ. ಅದನ್ನು ತೆಗೆದರೆ ಸಿಪ್ಪೆ ಉದ್ದನೆಯ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ಉಪಕರಣ ಬಿಸಿಯಾಗುತ್ತದೆ, ವೇಗ ತಗ್ಗಿಸಬೇಕಾಗುತ್ತದೆ, ಒಂದು ಪಾಳಿಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಸೀಸದ ಬದಲು ಬಿಸ್ಮತ್ ಅಥವಾ ಸಿಲಿಕಾನ್ ಬೆರೆಸಿದ ಮಿಶ್ರಲೋಹಗಳಿವೆ. ಆದರೆ ಬಿಸ್ಮತ್ ಬೆರೆತ ಹಿತ್ತಾಳೆಯ ಚೂರು ಸಾಮಾನ್ಯ ಹಿತ್ತಾಳೆಯ ಗುಜರಿಯೊಳಗೆ ಸೇರಿದರೆ, ಆ ಗುಜರಿಯಿಂದ ಮಾಡಿದ ಲೋಹವನ್ನು ಬಿಸಿಯಾಗಿದ್ದಾಗ ಬಡಿಯುವಾಗಲೋ ಒತ್ತುವಾಗಲೋ ಬಿರುಕು ಬಿಡುವ ಅಪಾಯವಿದೆ. ಸಣ್ಣ ಎರಕದ ಮನೆಗಳು ಒಂದೇ ಗುಜರಿ ವ್ಯಾಪಾರಿಗಳಿಂದ ಕೊಂಡು, ತಮ್ಮ ಲೇತಿನ ಚೂರನ್ನು ಅವರಿಗೇ ಮಾರುವುದರಿಂದ, ಒಬ್ಬರು ತಮ್ಮ ಮಿಶ್ರಲೋಹವನ್ನು ಬದಲಿಸಿದರೆ ಅದು ಕೆಲವೇ ತಿಂಗಳಲ್ಲಿ ನೆರೆಯವರ ಕುಲುಮೆಗೂ ಬಂದು ತಲುಪುತ್ತದೆ. ಅಂದರೆ ಸರಿಯಾದ ಮಿಶ್ರಲೋಹವನ್ನು ಆರಿಸುವುದು, ಅದಕ್ಕೆ ತಕ್ಕ ಉಪಕರಣದ ಕೋನವನ್ನೂ ವೇಗವನ್ನೂ ಕಂಡುಕೊಳ್ಳುವುದು, ಗುಜರಿಯನ್ನು ಬೇರ್ಪಡಿಸಿ ಇಡುವುದು ಈ ಮೂರೂ ಒಟ್ಟಿಗೆ ಆಗಬೇಕು. ಎರಕದವರು, ಉಪಕರಣ ತಯಾರಕರು, ಗುಜರಿ ವ್ಯಾಪಾರಿಗಳು, ಲೋಹಶಾಸ್ತ್ರ ಬಲ್ಲವರೊಬ್ಬರು ಕೂಡಿ ಕುಳಿತರೆ ಮಾತ್ರ ಆಗುತ್ತದೆ. ಬ್ಯಾಂಕಿನ ಸಾಲ ಈ ಗಂಟನ್ನು ಬಿಚ್ಚುವುದಿಲ್ಲ. ಮೇಳದ ಮಳಿಗೆಯಂತೂ ಬಿಚ್ಚುವುದೇ ಇಲ್ಲ.

ಇದರ ಹಿಂದಿರುವ ಲೆಕ್ಕ ಸರಳ. ಒಂದು ಮಾದರಿಯನ್ನು ಪರೀಕ್ಷೆಗೆ ಒಳಪಡಿಸುವ ಖರ್ಚು ಹತ್ತು ನಗಕ್ಕೂ ಅಷ್ಟೇ, ಹತ್ತು ಸಾವಿರ ನಗಕ್ಕೂ ಅಷ್ಟೇ. ಆಮದು ದೇಶದ ನಿಯಮವನ್ನು ಓದಿ ಅರ್ಥಮಾಡಿಕೊಳ್ಳಲು ತಗಲುವ ಹೊತ್ತು, ಸರಕಿಗೆ ಸರಿಯಾದ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಗುರುತಿಸಲು ಬೇಕಾದ ಅನುಭವ, ಖರೀದಿದಾರರ ಬ್ಯಾಂಕು ಹಣ ಕೊಡುವುದಾಗಿ ಭರವಸೆ ಕೊಡುವ ಪತ್ರವಾದ ಲೆಟರ್ ಆಫ್ ಕ್ರೆಡಿಟ್‌ನ ಒಂದೊಂದು ಷರತ್ತಿಗೂ ದಾಖಲೆ ಹೊಂದಿಸುವ ಶ್ರಮ, ಇವು ಯಾವುವೂ ಉದ್ದಿಮೆಯ ಗಾತ್ರ ನೋಡಿ ಕಡಿಮೆಯಾಗುವುದಿಲ್ಲ. ಪರೀಕ್ಷೆಯ ಖರ್ಚನ್ನು ದೊಡ್ಡ ಕಂಪನಿ ಲಕ್ಷ ನಗಗಳ ಮೇಲೆ ಹರಡುತ್ತದೆ, ಸಣ್ಣ ಘಟಕ ನೂರು ನಗಗಳ ಮೇಲೆ ಹೊರುತ್ತದೆ. ವ್ಯಾಪಾರಕ್ಕೆ ಎದುರಾಗುವ ತಾಂತ್ರಿಕ ಅಡೆತಡೆಗಳ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ 1995ರಿಂದ ಜಾರಿಯಲ್ಲಿದ್ದು, ಅದರಡಿ ಸದಸ್ಯ ದೇಶಗಳು ತಾವು ತರಲಿರುವ ಹೊಸ ತಾಂತ್ರಿಕ ನಿಯಮಗಳನ್ನು ಮುಂಚಿತವಾಗಿ ತಿಳಿಸಬೇಕು. ಹೀಗೆ ಪ್ರತಿ ವರ್ಷ ಸಾವಿರಾರು ಸೂಚನೆಗಳು ಬರುತ್ತವೆ. ತಯಾರಿಕೆ, ಕೂಲಿ, ಕಚ್ಚಾ ಸಾಮಗ್ರಿ, ವಸೂಲಿ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಮಾಲೀಕರು ಇವುಗಳಲ್ಲಿ ತಮಗೆ ಸಂಬಂಧಪಟ್ಟದ್ದನ್ನು ಹುಡುಕಿ ಓದುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕೂಡಿ ಕೆಲಸ ಮಾಡಿ ಈ ಭಾರವನ್ನು ಇಳಿಸಿಕೊಂಡವರು ಇದ್ದಾರೆ. ಇಟಲಿಯ ಸಸ್ಸುವೊಲೊ ಸುತ್ತಲಿನ ಟೈಲ್ಸ್ ತಯಾರಕರ ಕಥೆ ಈ ವಿಷಯವನ್ನು ಅಧ್ಯಯನ ಮಾಡುವವರಿಗೆಲ್ಲ ಗೊತ್ತು. 1970ರ ದಶಕದಲ್ಲಿ ಇಂಧನದ ಬೆಲೆ ಏರಿದಾಗ, ಟೈಲ್ಸನ್ನು ಎರಡು ಬಾರಿ ಸುಡುವ ಹಳೆಯ ಪದ್ಧತಿ ಅವರಿಗೆ ಗಿಟ್ಟದಂತಾಯಿತು. ಆಗ ಅಲ್ಲಿನ ಟೈಲ್ಸ್ ಘಟಕಗಳೂ ಅವುಗಳ ಪಕ್ಕದಲ್ಲೇ ಇದ್ದ ಯಂತ್ರ ತಯಾರಕರೂ ಒಟ್ಟಿಗೆ ಪ್ರಯೋಗ ಮಾಡುತ್ತ, ಒಂದೇ ಬಾರಿ ಬೇಗನೆ ಸುಡುವ ವಿಧಾನವನ್ನು ಬಳಕೆಗೆ ತಂದರು. 16ರಿಂದ 20 ಗಂಟೆ ಹಿಡಿಯುತ್ತಿದ್ದ ಆವರ್ತ ಒಂದು ಗಂಟೆಯೊಳಗೆ ಮುಗಿಯುವಂತಾಯಿತು. ಇಲ್ಲಿ ಗಮನಿಸಬೇಕಾದದ್ದು, ಕುಲುಮೆ ತಯಾರಕರಿಗೆ ಟೈಲ್ಸಿನ ಮಣ್ಣು ಹೇಗೆ ಬಿರಿಯುತ್ತದೆ ಎಂಬುದು ತಿಳಿಯದೆ, ಟೈಲ್ಸಿನವರಿಗೆ ಕುಲುಮೆಯೊಳಗಿನ ಶಾಖ ಹೇಗೆ ಹರಡುತ್ತದೆ ಎಂಬುದು ತಿಳಿಯದೆ ಈ ಸುಧಾರಣೆ ಸಾಧ್ಯವೇ ಇರಲಿಲ್ಲ ಎಂಬುದು. ಟೈಲ್ಸಿನ ಜತೆಗೆ ಆ ಯಂತ್ರಗಳನ್ನೂ ಇಟಲಿ ಹೊರದೇಶಗಳಿಗೆ ಮಾರತೊಡಗಿತು.

ಜರ್ಮನಿಯಲ್ಲಿ ಇದಕ್ಕೊಂದು ಸಾಂಸ್ಥಿಕ ರೂಪವೇ ಇದೆ. 1954ರಲ್ಲಿ ಸ್ಥಾಪನೆಯಾದ ಕೈಗಾರಿಕಾ ಸಂಶೋಧನಾ ಸಂಘಗಳ ಒಕ್ಕೂಟದ ಮೂಲಕ ಬೆಳೆದು ಬಂದ ಸಾಮೂಹಿಕ ಸಂಶೋಧನೆಯ ಪದ್ಧತಿಯಲ್ಲಿ, ಒಂದು ವಲಯದ ಘಟಕಗಳು ತಮ್ಮ ಸಂಘದ ಮೂಲಕ ತಮಗೆಲ್ಲರಿಗೂ ಸಮಾನವಾದ ತಾಂತ್ರಿಕ ಪ್ರಶ್ನೆಯನ್ನು ಗೊತ್ತುಮಾಡುತ್ತವೆ, ಸಾರ್ವಜನಿಕ ಹಣದಿಂದ ಸಂಶೋಧನಾ ಕೇಂದ್ರವೊಂದು ಅದಕ್ಕೆ ಉತ್ತರ ಹುಡುಕುತ್ತದೆ, ಘಟಕಗಳ ಪ್ರತಿನಿಧಿಗಳ ಸಮಿತಿ ಆ ಕೆಲಸದ ಜತೆಜತೆಗೇ ಸಾಗುತ್ತದೆ, ಫಲಿತಾಂಶ ಎಲ್ಲರಿಗೂ ಮುಕ್ತವಾಗಿರುತ್ತದೆ. ಪೈಪೋಟಿ ಶುರುವಾಗುವುದು ಅಲ್ಲಿಂದ ಮುಂದೆ, ಆ ಫಲಿತಾಂಶವನ್ನು ತಮ್ಮ ತಮ್ಮ ಸರಕಿಗೆ ಅಳವಡಿಸುವಾಗ. ಹಿತ್ತಾಳೆಯ ಆ ಮೂವರಿಗೆ ಬೇಕಿದ್ದುದು ನಿಖರವಾಗಿ ಇದು. ಜಪಾನಿನ ಪ್ರಾಂತ್ಯಗಳಲ್ಲಿ ಸಣ್ಣ ತಯಾರಕರಿಗೆಂದೇ ಇರುವ ಸಾರ್ವಜನಿಕ ಪರೀಕ್ಷಾ ಸಂಸ್ಥೆಗಳೂ ಇದೇ ಬಗೆಯ ಕೆಲಸ ಮಾಡುತ್ತವೆ. ತಾವೇ ಕೊಳ್ಳಲಾಗದ ಅಳತೆಯ ಉಪಕರಣವನ್ನು ತಯಾರಕರು ಅಲ್ಲಿ ಶುಲ್ಕ ತೆತ್ತು ಬಳಸುತ್ತಾರೆ, ಕೆಟ್ಟ ಬಿಡಿಭಾಗವನ್ನು ತೋರಿಸಿ ಏಕೆ ಕೆಟ್ಟಿತೆಂದು ಕೇಳುತ್ತಾರೆ.

ಪಾಕಿಸ್ತಾನದ ಸಿಯಾಲ್‌ಕೋಟ್‌ನ ಉದಾಹರಣೆ ನನಗೆ ಇನ್ನೂ ಹತ್ತಿರವಾಗಿ ಕಾಣುತ್ತದೆ, ಏಕೆಂದರೆ ಅದು ಶ್ರೀಮಂತ ದೇಶದ ಕಥೆಯಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸುವ ನೂರಾರು ಸಣ್ಣ ಘಟಕಗಳ ಆ ನಗರದ ಸರಕಿಗೆ 1994ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಗುಣಮಟ್ಟದ ಕಾರಣಕ್ಕೆ ತಡೆಯೊಡ್ಡಿತು. ಬಿಡಿಬಿಡಿಯಾಗಿದ್ದರೆ ಆ ಘಟಕಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತಿದ್ದವೇನೋ. ತಯಾರಕರ ಸಂಘ ಸರ್ಕಾರದ ಬೆಂಬಲ ಪಡೆದು, ಹೊರಗಿನ ತಜ್ಞರನ್ನು ಕರೆಸಿ, ಉತ್ತಮ ತಯಾರಿಕಾ ವಿಧಾನವನ್ನು ಘಟಕದಿಂದ ಘಟಕಕ್ಕೆ ಕಲಿಸಿತು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ ಮರಳಿ ದೊರೆಯಿತು. ಅದೇ ನಗರದ ಕಾಲ್ಚೆಂಡು ಉದ್ದಿಮೆಯಲ್ಲಿ ಬಾಲಕಾರ್ಮಿಕರ ಪ್ರಶ್ನೆ ಎದ್ದಾಗ, 1997ರ ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಒಪ್ಪಂದಕ್ಕೆ ಬಂದವು. ಒಬ್ಬೊಬ್ಬ ರಫ್ತುದಾರರೂ ತಾವು ಶುದ್ಧರೆಂದು ತಾವೇ ಹೇಳಿಕೊಳ್ಳುವುದರ ಬದಲು ಹೊರಗಿನವರು ಬಂದು ನೋಡುವ ಒಂದೇ ಪರಿಶೀಲನಾ ವ್ಯವಸ್ಥೆ ಏರ್ಪಟ್ಟಿತು. ಮುಂದೆ ಅಲ್ಲಿನ ರಫ್ತುದಾರರು ತಮ್ಮದೇ ಹಣ ಕೂಡಿಸಿ ಕಟ್ಟಿದ ವಿಮಾನ ನಿಲ್ದಾಣ 2007ರಲ್ಲಿ ತೆರೆಯಿತು. ಒಂದು ಸಂಕಟದಲ್ಲಿ ಕೂಡಿ ಕೆಲಸ ಮಾಡಿ ಗಳಿಸಿದ ನಂಬಿಕೆ ಮುಂದಿನ ದೊಡ್ಡ ಕೆಲಸಕ್ಕೆ ಬಂಡವಾಳವಾಯಿತೆಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಆದರೆ ಕೂಡಿದ ಮಾತ್ರಕ್ಕೆ ಗೆಲುವು ಬರುತ್ತದೆ ಎಂದು ಹೇಳಿದರೆ ನಾನು ಓದುಗರನ್ನು ತಪ್ಪು ದಾರಿಗೆ ಎಳೆದಂತಾಗುತ್ತದೆ. ಬ್ರೆಜಿಲ್‌ನ ಸಿನೋಸ್ ಕಣಿವೆಯ ಪಾದರಕ್ಷೆ ತಯಾರಕರು 1990ರ ದಶಕದ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಚೀನಾದ ಅಗ್ಗದ ಸರಕಿನ ಪೈಪೋಟಿಗೆ ಸಿಕ್ಕಿದರು. ಚರ್ಮ ಹದ ಮಾಡುವವರು, ಯಂತ್ರದವರು, ತಯಾರಕರು ಎಲ್ಲ ಸೇರಿ ವಿನ್ಯಾಸ, ಬ್ರ್ಯಾಂಡ್ ಹೆಸರು, ಮಾರಾಟವನ್ನು ಒಟ್ಟಿಗೆ ಮೇಲೆತ್ತುವ ಯೋಜನೆಯೂ ಸಿದ್ಧವಾಯಿತು. ಅದು ದಡ ಸೇರಲಿಲ್ಲ. ದೊಡ್ಡ ಖರೀದಿದಾರರ ಆರ್ಡರನ್ನೇ ನೆಚ್ಚಿಕೊಂಡಿದ್ದ ಕೆಲವು ಪ್ರಮುಖ ರಫ್ತುದಾರರಿಗೆ, ಆ ಖರೀದಿದಾರರ ಕೆಲಸವಾಗಿದ್ದ ವಿನ್ಯಾಸಕ್ಕೂ ಮಾರಾಟಕ್ಕೂ ತಾವು ಕೈ ಹಾಕಿದರೆ ಇರುವ ಸಂಬಂಧ ಕೆಡುತ್ತದೆಂಬ ಅಳುಕಿತ್ತು. ಹೀಗೆ ಒಂದು ಗುಂಪಿನೊಳಗೆ ಎಲ್ಲರ ಹಿತವೂ ಒಂದೇ ಎಂದು ಭಾವಿಸಿಕೊಂಡು ಹೊರಡುವುದು ದೊಡ್ಡ ತಪ್ಪು.

ಸ್ವಿಟ್ಜರ್‌ಲೆಂಡ್‌ನ ಗಡಿಯಾರದವರ ಅನುಭವ ಇನ್ನೊಂದು ಬಗೆಯದು. ಅಲ್ಲಿನ ಹಲವು ಕಂಪನಿಗಳು ಕೂಡಿ 1962ರಲ್ಲಿ ನ್ಯೂಶಾಟೆಲ್‌ನಲ್ಲಿ ಸಂಶೋಧನಾ ಕೇಂದ್ರವೊಂದನ್ನು ತೆರೆದವು. 1967ರಲ್ಲಿ ಆ ಕೇಂದ್ರ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರದ ಮಾದರಿಯನ್ನು ಮಾಡಿ ತೋರಿಸಿತು. ಆದರೂ ಅಂಥ ಗಡಿಯಾರ ಮೊದಲು ಮಾರಾಟಕ್ಕೆ ಬಂದದ್ದು 1969ರ ಡಿಸೆಂಬರ್ 25ರಂದು, ಜಪಾನಿನ ಸೈಕೋ ಕಂಪನಿಯಿಂದ. ಸಂಶೋಧನೆ ಕೂಡಿ ಆಗಿತ್ತು, ಅದನ್ನು ಯಾರು, ಎಂದು, ಎಷ್ಟು ಸಂಖ್ಯೆಯಲ್ಲಿ ಮಾರುಕಟ್ಟೆಗೆ ಒಯ್ಯಬೇಕೆಂಬ ನಿರ್ಧಾರಕ್ಕೆ ಅಷ್ಟೇ ಗಟ್ಟಿಯಾದ ಒಗ್ಗಟ್ಟು ಇರಲಿಲ್ಲ. ಪ್ರಯೋಗಾಲಯದಿಂದ ಗಿರಾಕಿಯ ಕೈಯವರೆಗಿನ ದಾರಿಯನ್ನೂ ಮೊದಲ ದಿನವೇ ಮಾತಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹಾಗಾದರೆ ಪರಸ್ಪರ ಅನುಮಾನದಿಂದ ನೋಡುವ ಪೈಪೋಟಿಗಾರರನ್ನು ಕೂಡಿಸುವವರು ಯಾರು? ಡೆನ್ಮಾರ್ಕ್ 1989ರಲ್ಲಿ ಆರಂಭಿಸಿದ ಜಾಲ ಯೋಜನೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಸಣ್ಣ ಉದ್ದಿಮೆಗಳ ನಡುವೆ ಓಡಾಡಿ, ಯಾರ ಸಾಮರ್ಥ್ಯ ಯಾರಿಗೆ ಪೂರಕವಾದೀತೆಂದು ಗುರುತಿಸಿ, ಅವರನ್ನು ಮಾತಿಗೆ ಕೂರಿಸುವ ಮಧ್ಯವರ್ತಿಗಳಿಗೆ ಅಲ್ಲಿ ತರಬೇತಿ ಕೊಟ್ಟರು. ಅನುದಾನವನ್ನೂ ಹಂತ ಹಂತವಾಗಿ ಕೊಟ್ಟರು. ಮೊದಲು ಕೂಡಿ ಕೆಲಸ ಮಾಡಬಹುದೇ ಎಂದು ಪರಿಶೀಲಿಸಲು ಸ್ವಲ್ಪ, ಆಮೇಲೆ ಯೋಜನೆ ಬರೆಯಲು, ಕೊನೆಗೆ ಅದನ್ನು ಜಾರಿಗೆ ತರಲು. ಮಧ್ಯವರ್ತಿ ಎಂಬ ಪದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ, ದಲ್ಲಾಳಿಯ ನೆನಪಾಗುತ್ತದೆ. ಆದರೆ ಸರಕಿನಲ್ಲಿ ಪಾಲಿಲ್ಲದ, ಯಾವ ಘಟಕಕ್ಕೂ ಸಂಬಂಧಿಸದ, ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳದೆಯೇ ಇಬ್ಬರ ತೊಡಕೂ ಒಂದೇ ಎಂದು ತಿಳಿಸಬಲ್ಲ ಅನುಭವಸ್ಥರೊಬ್ಬರು ಸಂಬಳ ಪಡೆದು ಪೂರ್ಣಾವಧಿ ಇದೇ ಕೆಲಸ ಮಾಡಿದರೆ ಏನಾಗಬಹುದೆಂದು ಯೋಚಿಸಿ ನೋಡಿ. ನನ್ನ ಮೇಜಿನ ಮೇಲಿದ್ದ ಆ ಮೂರು ಕಡತಗಳಿಗೆ ಬೇಕಿದ್ದವರು ಅಂಥವರು.

ನಂಬಿಕೆಗೆ ಮಾತಿನ ಜತೆಗೆ ಬರಹವೂ ಬೇಕು. ಕೆಲಸ ಶುರುವಾಗುವ ಮೊದಲೇ, ಯಾರು ಏನನ್ನು ತರುತ್ತಾರೆ, ಹೊಸದಾಗಿ ಹುಟ್ಟಿದ್ದು ಯಾರದ್ದು, ನಡುವೆ ಬಿಟ್ಟುಹೋದವರಿಗೆ ಅದನ್ನು ಬಳಸುವ ಹಕ್ಕು ಇರುತ್ತದೆಯೇ, ಖರ್ಚು ಯಾವ ಪ್ರಮಾಣದಲ್ಲಿ ಹಂಚಿಕೆ ಎಂಬುದನ್ನು ಸರಳ ಭಾಷೆಯಲ್ಲಿ ಬರೆದಿಡಬೇಕು. ಇದರಲ್ಲಿ ಸಂಕೋಚ ಪಟ್ಟವರು ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿದ್ದೇನೆ. ಪೇಟೆಂಟ್ ವಿಷಯದಲ್ಲಿ ಒಂದು ಎಚ್ಚರಿಕೆ ಮುಖ್ಯ. ಬಹುತೇಕ ದೇಶಗಳಲ್ಲಿ, ಅರ್ಜಿ ಹಾಕುವ ಮೊದಲೇ ಹೊಸ ಶೋಧವನ್ನು ಸಾರ್ವಜನಿಕವಾಗಿ ತೋರಿಸಿದರೆ ಅದು ಹೊಸತೆಂಬ ಹಕ್ಕನ್ನೇ ಕಳೆದುಕೊಳ್ಳಬಹುದು. ಹುಮ್ಮಸ್ಸಿನಿಂದ ಮೇಳದಲ್ಲಿ ಮಾದರಿ ಇಟ್ಟವರು ಅಲ್ಲಿಯೇ ಅದನ್ನು ಕೈಬಿಟ್ಟಂತೆ. ಮೊದಲು ಅರ್ಜಿ ಹಾಕಿದರೆ, ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಪೇಟೆಂಟ್ ಕೇಳಲು ಅನುವು ಮಾಡುವ ಪೇಟೆಂಟ್ ಸಹಕಾರ ಒಪ್ಪಂದದ ದಾರಿ ಹಿಡಿದು ಯಾವ ಯಾವ ದೇಶಗಳಲ್ಲಿ ರಕ್ಷಣೆ ಬೇಕೆಂದು ನಿರ್ಧರಿಸಲು ಸಾಮಾನ್ಯವಾಗಿ 30 ತಿಂಗಳ ಕಾಲಾವಕಾಶ ಸಿಗುತ್ತದೆ. ಗುಂಪಿನ ಹೆಸರಿನಲ್ಲಿ ಒಂದೇ ಟ್ರೇಡ್‌ಮಾರ್ಕ್ ಬಳಸುವುದಾದರೆ ಮ್ಯಾಡ್ರಿಡ್ ವ್ಯವಸ್ಥೆಯಡಿ ಒಂದು ಅರ್ಜಿಯಿಂದ ಹಲವು ದೇಶಗಳಲ್ಲಿ ನೋಂದಣಿ ಕೇಳಬಹುದು. ಇನ್ನೊಂದು ಮಾತು: ಪರೀಕ್ಷೆ, ಸಂಶೋಧನೆ, ಸಾಗಣೆಯಲ್ಲಿ ಕೂಡುವುದು ಬೇರೆ, ಬೆಲೆಯನ್ನು ಕೂಡಿ ನಿಗದಿ ಮಾಡುವುದು ಬೇರೆ. ಎರಡನೆಯದು ಅನೇಕ ದೇಶಗಳ ಸ್ಪರ್ಧಾ ಕಾನೂನಿನಡಿ ಅಪರಾಧ. ಅದರ ಗೆರೆ ಎಲ್ಲಿದೆಯೆಂದು ಗುಂಪಿನ ಎಲ್ಲರಿಗೂ ತಿಳಿದಿರಬೇಕು.

ದೊಡ್ಡ ಕಂಪನಿಗಳನ್ನು ಈ ಮಾತಿನಿಂದ ಹೊರಗಿಡುವುದೂ ಸರಿಯಲ್ಲ. ತೈವಾನಿನ ಬೈಸಿಕಲ್ ತಯಾರಿಕೆ ಚೀನಾಕ್ಕೆ ಸರಿದುಹೋಗುತ್ತಿದ್ದಾಗ, ಅಲ್ಲಿನ ಎರಡು ಎದುರಾಳಿ ಕಂಪನಿಗಳಾದ ಜೈಂಟ್ ಮತ್ತು ಮೆರಿಡಾ 2003ರಲ್ಲಿ ಬಿಡಿಭಾಗ ತಯಾರಕರನ್ನು ಕೂಡಿಸಿಕೊಂಡು ಎ-ಟೀಮ್ ಎಂಬ ಕೂಟವನ್ನು ಕಟ್ಟಿದವು. ಪೋಲು ತಗ್ಗಿಸಿ ಬೇಕಾದಷ್ಟನ್ನೇ ಬೇಕಾದಾಗ ತಯಾರಿಸುವ ಟೊಯೊಟಾ ಉತ್ಪಾದನಾ ಪದ್ಧತಿಯನ್ನು ಬಿಡಿಭಾಗದವರ ಕಾರ್ಖಾನೆಯೊಳಗೂ ಅಳವಡಿಸಿ, ಹೊಸ ವಿನ್ಯಾಸಗಳ ಮೇಲೆ ಒಟ್ಟಿಗೆ ಕೆಲಸ ಮಾಡಿ, ಅಗ್ಗದ ಸರಕಿನ ಪೈಪೋಟಿಯನ್ನು ಬಿಟ್ಟು ಉತ್ತಮ ದರ್ಜೆಯ ಬೈಸಿಕಲ್‌ಗೆ ತಿರುಗಿದರು. ಮುಂದಿನ ಹತ್ತು ವರ್ಷಗಳಲ್ಲಿ ತೈವಾನಿನಿಂದ ರಫ್ತಾಗುವ ಬೈಸಿಕಲ್ಲಿನ ಸರಾಸರಿ ಬೆಲೆ ದುಪ್ಪಟ್ಟನ್ನೂ ದಾಟಿತು. ದೊಡ್ಡವರು ತಮ್ಮ ಪೂರೈಕೆದಾರರ ಬೆಲೆಯನ್ನು ಹಿಂಡುವುದಕ್ಕಿಂತ ಅವರ ಕೆಲಸವನ್ನು ಮೇಲೆತ್ತುವುದರಲ್ಲಿ ತಮಗೇ ಲಾಭವಿದೆಯೆಂದು ಕಂಡುಕೊಂಡದ್ದು ಇದರಲ್ಲಿ ನಾನು ಮೆಚ್ಚುವ ಅಂಶ.

ಗಡಿಯಾಚೆಗಿನ ಪಾಲುದಾರರೂ ಅಷ್ಟೇ ಮುಖ್ಯ. ದೇಶಗಳ ನಡುವಿನ ಸಂಶೋಧನಾ ಸಹಕಾರಕ್ಕೆಂದು ಯುರೋಪಿನಲ್ಲಿ 1985ರಲ್ಲಿ ಆರಂಭವಾದ ಯುರೇಕಾ ಜಾಲದ ಯೂರೋಸ್ಟಾರ್ಸ್ ಯೋಜನೆಯಲ್ಲಿ ಕನಿಷ್ಠ ಎರಡು ದೇಶಗಳ ಪಾಲುದಾರರು ಇರಬೇಕು, ಮುಂದಾಳತ್ವ ಹೊಸತನದ ಸಣ್ಣ ಉದ್ದಿಮೆಯದ್ದೇ ಆಗಿರಬೇಕು. ಈ ಷರತ್ತಿನ ಹಿಂದಿನ ಬುದ್ಧಿ ನನಗೆ ಒಪ್ಪಿಗೆಯಾಗುತ್ತದೆ. ಸರಕು ಸಿದ್ಧವಾದ ಮೇಲೆ ಹೊರದೇಶದಲ್ಲಿ ಏಜೆಂಟನ್ನು ಹುಡುಕುವುದಕ್ಕಿಂತ, ಸರಕು ರೂಪುಗೊಳ್ಳುವಾಗಲೇ ಆ ದೇಶದ ಬಳಕೆಯನ್ನು ಬಲ್ಲ ಒಂದು ಘಟಕ ಜತೆಗಿದ್ದರೆ, ಪ್ಲಗ್ಗಿನ ಆಕಾರದಿಂದ ಹಿಡಿದು ಲೇಬಲ್ಲಿನ ಮೇಲಿನ ಎಚ್ಚರಿಕೆಯ ಸಾಲಿನವರೆಗೆ ಎಷ್ಟೋ ತಪ್ಪುಗಳು ಹುಟ್ಟುವುದೇ ಇಲ್ಲ.

ಈ ಎಲ್ಲದರ ಹಿನ್ನೆಲೆಯಲ್ಲಿ, ರಫ್ತು ಉತ್ತೇಜನದ ಹಣವನ್ನು ನಿರ್ವಹಿಸುವವರಲ್ಲಿ ನನ್ನ ಬೇಡಿಕೆ ಇಷ್ಟು. ಒಂಟಿ ಘಟಕದ ಮಳಿಗೆಗೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು, ಒಂದೇ ತಾಂತ್ರಿಕ ತೊಡಕಿನ ಮೇಲೆ ಕೂಡಿ ಕೆಲಸ ಮಾಡಲು ಒಪ್ಪಿದ ಮೂರೋ ನಾಲ್ಕೋ ಘಟಕಗಳ ಗುಂಪಿಗೆ ಮೀಸಲಿಡಿ. ಪರೀಕ್ಷೆಗೆ, ಹಂಚಿಕೊಂಡು ಬಳಸುವ ಉಪಕರಣಕ್ಕೆ, ಮೇಲೆ ಹೇಳಿದಂಥ ಮಧ್ಯವರ್ತಿಯ ಸಂಬಳಕ್ಕೆ ಅದು ಖರ್ಚಾಗಲಿ. ಅರ್ಜಿ ನಮೂನೆ ಎರಡು ಪುಟ ಮೀರದಿರಲಿ. ಹಲವು ಪುಟಗಳ ನಮೂನೆ ತುಂಬಬಲ್ಲವರಿಗೆ ಈ ನೆರವೇ ಬೇಕಾಗಿರುವುದಿಲ್ಲ. ಯೋಜನೆ ಫಲಿಸಿತೇ ಎಂಬುದನ್ನು ಮೇಳಕ್ಕೆ ಹೋದವರ ಸಂಖ್ಯೆಯಿಂದಾಗಲಿ, ಸಹಿ ಬಿದ್ದ ಒಡಂಬಡಿಕೆಗಳ ಸಂಖ್ಯೆಯಿಂದಾಗಲಿ ಅಳೆಯಬೇಡಿ. ಎರಡು ವರ್ಷದ ಬಳಿಕ ಎಷ್ಟು ಘಟಕಗಳು ಅದೇ ಖರೀದಿದಾರರಿಗೆ ಮತ್ತೊಮ್ಮೆ ಸರಕು ಕಳುಹಿಸಿವೆ ಎಂದು ಕೇಳಿ. ಸೋತ ಪ್ರಯೋಗಗಳ ವರದಿಯನ್ನೂ ಪ್ರಕಟಿಸಿ, ಏಕೆಂದರೆ ಯಾವ ಮಿಶ್ರಲೋಹ ಕೆಲಸಕ್ಕೆ ಬರಲಿಲ್ಲವೆಂದು ತಿಳಿಯುವುದೂ ಮುಂದಿನವರ ಒಂದು ವರ್ಷವನ್ನು ಉಳಿಸುತ್ತದೆ.

ತಮ್ಮ ಪತ್ರಿಕೆಯಿಂದಲೂ ಒಂದು ಉಪಕಾರವನ್ನು ಕೇಳುತ್ತಿದ್ದೇನೆ. ಮೇಲೆ ಹೇಳಿದ ತಾಂತ್ರಿಕ ನಿಯಮಗಳ ಸೂಚನೆಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಲು ಇ-ಪಿಂಗ್ ಎಂಬ ವ್ಯವಸ್ಥೆ ಇದೆ. ತಮ್ಮ ಸರಕನ್ನೂ ಅದು ಹೋಗುವ ದೇಶವನ್ನೂ ನಮೂದಿಸಿದರೆ ಸಂಬಂಧಪಟ್ಟ ಸೂಚನೆ ಇಮೇಲಿಗೆ ಬರುತ್ತದೆ. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಅಧಿಕೃತ ಭಾಷೆಗಳು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತ್ರ. ಲೇತಿನ ಮುಂದೆ ನಿಂತು ಕನ್ನಡದಲ್ಲಿ ಲೆಕ್ಕ ಹಾಕುವವರಿಗೆ ಆ ಸೂಚನೆ ಬಂದರೂ ಬಾರದಂತೆಯೇ. ವಾರಕ್ಕೊಮ್ಮೆ ವಾಣಿಜ್ಯ ಪುಟದ ಒಂದು ಮೂಲೆಯಲ್ಲಿ, ಯಾವ ದೇಶ ಯಾವ ಸರಕಿನ ನಿಯಮವನ್ನು ಬದಲಿಸಲು ಹೊರಟಿದೆ, ಯಾವ ದಿನಾಂಕದಿಂದ, ಆಕ್ಷೇಪ ಹೇಳಲು ಎಷ್ಟು ದಿನ ಉಳಿದಿದೆ ಎಂಬ ನಾಲ್ಕು ಸಾಲುಗಳನ್ನು ತಾವು ಪ್ರಕಟಿಸಿದರೆ, ಒಂದೇ ಸುದ್ದಿಯನ್ನು ಒಂದೇ ಬೆಳಿಗ್ಗೆ ಓದಿದ ಮೂರು ಘಟಕಗಳ ಮಾಲೀಕರು ಆ ದಿನವೇ ಒಬ್ಬರಿಗೊಬ್ಬರು ಫೋನ್ ಮಾಡಬಹುದು. ಆ ಮೂಲೆಗೆ ಬೇಕಾದ ಅನುವಾದವನ್ನು ಯಾವ ಸಂಭಾವನೆಯೂ ಇಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ರಫ್ತು ದಾಖಲೆಗಳ ಕೆಲಸದಿಂದ ನಿವೃತ್ತನಾದ ಒಬ್ಬ ಓದುಗ